ಹರಾಜು ಕೂಗುವವನ ಗಂಟಲು

ನನ್ನ ಗಂಟಲಿನಿಂದ ಧ್ವನಿಪೆಟ್ಟಿಗೆ ತೆಗೆಯುವ ಹಿಂದಿನ ದಿನ ಮಧ್ಯಾಹ್ನ ನಾನು ನನ್ನ ಅಕ್ಕನಿಗೆ ಫೋನ್ ಮಾಡಿದೆ. ಅವಳು ಎತ್ತಿದಳು. "ಅಲೋ, ಯಾರೂ?" ಅಂದಳು. ನಾನು ಮಾತಾಡಲಿಲ್ಲ. "ಯಾರಪ್ಪಾ, ಮಾತಾಡ್ರಪ್ಪಾ" ಅಂದಳು. ಆಗಲೂ ಆಡಲಿಲ್ಲ. ಕಟ್ ಮಾಡಿ ಫೋನನ್ನು ದಿಂಬಿನ ಕೆಳಗೆ ತಳ್ಳಿದೆ.

ಅವತ್ತು ನನಗೆ ಧ್ವನಿ ಇತ್ತು. ಒಡೆದು ಹೋಗಿತ್ತು, ಗೊರಗೊರ ಅನ್ನುತ್ತಿತ್ತು, ಆದರೂ ಒಂದು ಮಾತಿಗೆ ಸಾಕಾಗುವಷ್ಟು ಇತ್ತು. ಆ ಮಾತು ಆಗಲೇ ನಾಲ್ಕು ವರ್ಷ ತಡವಾಗಿತ್ತು. "ಯಾರ ಹತ್ತಿರ ಏನು ಮಾತಾಡಬೇಕೋ ಇವತ್ತು ಮಾತಾಡಿಬಿಡಿ" ಅಂತ ಡಾಕ್ಟರೇ ಹೇಳಿ ಹೋಗಿದ್ದರು. ನಾನು ಆಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದುವವರು ನನ್ನನ್ನು 'ಅಯ್ಯೋ ಪಾಪ' ಅಂದುಕೊಂಡು ಓದಬಾರದು.

ನಾನು ಓದಿದ್ದು ಏಳನೇ ಕ್ಲಾಸು. ಇದನ್ನು ಬರೆಯಿರಿ ಅಂದವರು ಆಸ್ಪತ್ರೆಯಲ್ಲಿ ನಮಗೆ ಮಾತು ಕಲಿಸುವ ಮೇಡಂ. ಗಂಟಲಿನ ಆಪರೇಷನ್ನಿಗೆ ಹೊಸದಾಗಿ ಬಂದು ಬೆಂಚಿನ ಮೇಲೆ ಕೂತವರಿಗೆ, ಆಗಿ ಹೋದವರ ಮಾತು ಒಂದಿಷ್ಟು ಸಿಕ್ಕರೆ ಧೈರ್ಯ ಬರುತ್ತದೆ ಅಂತ ಅವರ ಆಸೆ. ಕಾಗುಣಿತ ತಿದ್ದಿದ್ದು ನನ್ನ ಮಗಳು ಭವ್ಯ. ಮಾತು ನನ್ನವೇ.

ನನ್ನ ಕಸುಬೇ ಕೂಗುವುದು. ಯಶವಂತಪುರದ ಯಾರ್ಡಿನಲ್ಲಿ ಒಂದು ಈರುಳ್ಳಿ ಮಂಡಿಯ ಹರಾಜು ಕೂಗುತ್ತಿದ್ದೆ. ಬೆಳಿಗ್ಗೆ ಲಾರಿಯಿಂದ ಇಳಿದ ಮೂಟೆಗಳನ್ನು ಸಾಲಾಗಿ ಜೋಡಿಸಿ, ಒಂದರ ಬಾಯಿ ಬಿಚ್ಚಿರುತ್ತಾರೆ. ಸುತ್ತ ವ್ಯಾಪಾರಿಗಳು ನಿಂತಿರುತ್ತಾರೆ. ನಾನು ಮೂಟೆಯ ಮೇಲೆ ಹತ್ತಿ ರೇಟು ಕೂಗಬೇಕು. ಒಬ್ಬ ಗದ್ದ ಎತ್ತುತ್ತಾನೆ, ಇನ್ನೊಬ್ಬ ಬೆರಳು ಆಡಿಸುತ್ತಾನೆ, ನನ್ನ ಗಂಟಲು ಏರುತ್ತಾ ಹೋಗುತ್ತದೆ. "ಒಂದ್ಸಲ... ಎರಡ್ಸಲ..." ಮೂರನೆಯದು ನನ್ನ ಬಾಯಿಂದ ಬಿದ್ದರೆ ಮಾಲು ಅವನದು. ಚೀಟಿ ಬರೆಯುವವನು ಬರೆಯುವುದು ಆಮೇಲೆ. ಚೀಟಿಯಲ್ಲಿ ಹೆಚ್ಚುಕಮ್ಮಿ ಆದರೆ "ನಂಜಣ್ಣ ಏನ್ ಕೂಗ್ದ?" ಅಂತ ನನ್ನನ್ನೇ ಕೇಳುತ್ತಿದ್ದರು. ನಾನು ಹೇಳಿದ್ದೇ ನಡೆಯುತ್ತಿತ್ತು. ಬಾಯಿಂದ ಬಿದ್ದ ಮಾತಿಗೆ ಏನು ಬೆಲೆ ಅಂತ ನನಗಿಂತ ಚೆನ್ನಾಗಿ ಗೊತ್ತಿರಬೇಕಾದವನು ಇನ್ನೊಬ್ಬ ಇರಲಿಲ್ಲ. ಅಂಥವನೇ ತಪ್ಪಿದೆ.

ನಮ್ಮದು ಯಲಹಂಕ ಕಡೆಯ ಸಿಂಗಾಪುರ. ಈಗ ಎಲ್ಲ ಲೇಔಟು, ನಾನು ಹುಟ್ಟಿದಾಗ ರಾಗಿ ಹೊಲ. ಅಮ್ಮ ನಾನು ಎಳೆಮಗುವಾಗಿದ್ದಾಗಲೇ ಹೋದಳು. ನನ್ನನ್ನು ಸೊಂಟದ ಮೇಲೆ ಹೊತ್ತು ಸಾಕಿದ್ದು ನನ್ನಕ್ಕ ಗಂಗಮ್ಮ. ನನಗಿಂತ ಎಂಟೇ ವರ್ಷ ದೊಡ್ಡವಳು. ನನ್ನ ದೆಸೆಯಿಂದ ಅವಳ ಇಸ್ಕೂಲು ಎರಡನೇ ಕ್ಲಾಸಿಗೆ ನಿಂತಿತು. ಅಕ್ಷರ ಕೈಗೆ ಹತ್ತಲಿಲ್ಲ. ಆದರೆ ಬಾಯಲ್ಲಿ ಅವಳಿಗೆ ಇರದಿದ್ದುದೇ ಇಲ್ಲ. ಕಥೆ, ಒಗಟು, ಬೈಗುಳ, ಸೋಬಾನೆ ಪದ. ಊರಲ್ಲಿ ಯಾರ ಮನೆ ಕಾರ್ಯವಾದರೂ ಹಸೆಮಣೆ ಮುಂದೆ ಪದ ಎತ್ತಿಕೊಡಲು ಅವಳೇ ಬೇಕು. ಪದದ ನಡುವೆ ಆ ಮನೆಯ ಯಜಮಾನನ ಹೆಸರು, ಸೋದರಮಾವನ ಹೆಸರು, ಹಿಂದಿನವರ ಹೆಸರು ಎಲ್ಲ ಹೆಣೆದು ಹಾಡುತ್ತಿದ್ದಳು. ಯಾವ ಹೆಸರು ಎಲ್ಲಿ ಕೂರುತ್ತದೆ ಅಂತ ಅವಳಿಗೆ ಆ ಗಳಿಗೆಯಲ್ಲೇ ಹೊಳೆಯುತ್ತಿತ್ತು. ಎಲ್ಲೂ ಬರೆದಿಟ್ಟಿರಲಿಲ್ಲ. ಅವಳನ್ನು ಮಾಕಳಿಗೆ ಕೊಟ್ಟೆವು. ತುಮಕೂರು ರಸ್ತೆಯಲ್ಲಿ ಹೋದರೆ ಎಷ್ಟು ಹೊತ್ತಿನ ದಾರಿ!

ನಮ್ಮ ಕಡೆ ಕರೆಯುವುದಕ್ಕೆ ಒಂದು ಕ್ರಮ ಇದೆ. ಕಾರ್ಡು ಕೊಟ್ಟರೆ ಕರೆದಂತಲ್ಲ. ಅವರ ಮನೆಗೆ ಹೋಗಿ, ಕುಂಕುಮ ಕೊಟ್ಟು, ಹೆಸರು ಹಿಡಿದು, "ನಮ್ಮನೇಲಿ ಇಂಥಾ ಕಾರ್ಯ, ನೀವೇ ಬಂದು ನಿಂತು ನಡೆಸ್ಕೊಡಬೇಕು" ಅಂತ ಬಾಯಿಬಿಟ್ಟು ಹೇಳಬೇಕು. ಅದರಲ್ಲೂ ಕೊಟ್ಟ ಹೆಣ್ಣುಮಗಳನ್ನು ತವರಿನ ಗಂಡಸೇ ಹೋಗಿ, ಅವಳ ಗಂಡನ ಮನೆಯವರ ಎದುರಿಗೆ ಕರೆಯಬೇಕು. ಆ ಮಾತು ಅವಳೊಬ್ಬಳಿಗೆ ಹೇಳುವುದಲ್ಲ. ಜಗಲಿ ಮೇಲೆ ಕೂತವರೂ ಕೇಳಿಸಿಕೊಳ್ಳಬೇಕು, ಇವಳ ಹಿಂದೆ ಜನ ಇದ್ದಾರೆ ಅಂತ ತಿಳಿದುಕೊಳ್ಳಬೇಕು. ಸಾವಿಗೆ, ಕಾಯಿಲೆಗೆ ಮಾತ್ರ ಯಾರೂ ಕರೆಗೆ ಕಾಯುವುದಿಲ್ಲ.

ಹಳೇ ಹೆಂಚಿನ ಮನೆ ಕೆಡವಿ ಮೂರು ಅಂತಸ್ತು ಕಟ್ಟಿಸಿದೆ. ಗೃಹಪ್ರವೇಶಕ್ಕೆ ಯಾರ್ಡಿನ ಸಾಹುಕಾರರ ಮನೆಗಳಿಗೆಲ್ಲ ನಾನೇ ಹೋದೆ. ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಒಂದೊಂದು ಮನೆಯಲ್ಲೂ ಕೈ ಮುಗಿದು ನಿಂತು ಕರೆದೆ. ಅಕ್ಕನ ಮನೆಗೆ, ಮಾಕಳಿ ಕಡೆ ಮಾಲು ಸಾಗಿಸುವ ಟೆಂಪೋದವನ ಕೈಯಲ್ಲಿ ಕಾರ್ಡು ಕಳಿಸಿದೆ.

ಹಿಂದಿನ ದಿನ ಸಂಜೆ ಕಾಫಿ ಕೊಡುತ್ತಾ ನನ್ನ ಹೆಂಡತಿ ಸರೋಜ ಕೇಳಿದಳು. "ಅತ್ತಿಗೇನ ಹೋಗಿ ಕರುದ್ರಾ?"

"ಕಾರ್ಡ್ ಕಳ್ಸಿವ್ನಲ್ಲ. ಅವ್ಳೇನ್ ಹೊರಗಿನೋಳಾ?"

"ಅಷ್ಟಕ್ಕೇ ಆಯ್ತದಾ? ಫೋನಾದ್ರೂ ಮಾಡಿ."

"ಗಂಟ್ಲು ಕಟ್ಟೈತೆ, ಸುಮ್ನಿರು."

ನನ್ನ ಗಂಟಲು ಕಟ್ಟಿರಲಿಲ್ಲ. ಅವತ್ತು ಬೆಳಿಗ್ಗೆ ತಾನೇ ಇಡೀ ಸಾಲು ಕೂಗಿ ಬಂದಿದ್ದೆ. ಸೋಮಾರಿತನ ಅನ್ನಿ, ಕೊಬ್ಬು ಅನ್ನಿ, ಎರಡೂ ಇತ್ತು. ಅಕ್ಕ ಎಲ್ಲಿಗೆ ಹೋಗುತ್ತಾಳೆ, ಬಂದೇ ಬರುತ್ತಾಳೆ ಅಂದುಕೊಂಡಿದ್ದೆ.

ಬರಲಿಲ್ಲ. ಹೊಸ ಮನೆಯ ಹೊಸಿಲಲ್ಲಿ ಮನೆಮಗಳು ಆರತಿ ಎತ್ತಬೇಕು, ಅವಳೇ ಹಾಲು ಉಕ್ಕಿಸಬೇಕು. ಆ ಜಾಗದಲ್ಲಿ ಸರೋಜನ ತಂಗಿ ನಿಂತಳು. ಪದ ಹೇಳುವವರು ಇಲ್ಲ ಅಂತ ಯಾರೋ ಸ್ಪೀಕರಿಗೆ ಮೊಬೈಲ್ ಸಿಕ್ಕಿಸಿ ಹಾಡು ಹಾಕಿದರು. ಒಳ್ಳೆಯ ಕಂಠವೇ. ಆದರೆ ಆ ಹಾಡಿನಲ್ಲಿ ನಮ್ಮ ಮನೆಯವರ ಯಾರ ಹೆಸರೂ ಇರಲಿಲ್ಲ.

ಮಾಕಳಿಯಲ್ಲಿ ಏನಾಯಿತು ಅಂತ ನನಗೆ ಆಮೇಲೆ ಗೊತ್ತಾಯಿತು. ಅಕ್ಕ ಬೆಳಿಗ್ಗೆಯೇ ಹೊಸ ಸೀರೆ ಉಟ್ಟು, ಸಾಮಾನಿನ ಚೀಲ ಪಕ್ಕದಲ್ಲಿಟ್ಟುಕೊಂಡು, ಫೋನ್ ಮಡಿಲಲ್ಲಿಟ್ಟುಕೊಂಡು ಕೂತಿದ್ದಳಂತೆ. ಒಂದು ಫೋನ್ ಬಂದಿದ್ದರೂ ಹೊರಡುತ್ತಿದ್ದಳು. ಅವಳ ಓರಗಿತ್ತಿ ಅಂದಳಂತೆ, "ನಿನ್ ತಮ್ಮಂಗೆ ಯಾರ್ಡೆಲ್ಲಾ ಕೂಗಕ್ಕೆ ಬಾಯೈತೆ, ನಿನ್ನ ಕರ್ಯಕ್ಕೆ ಇಲ್ವಾ?" ಅಕ್ಕ ಎದ್ದು ಸೀರೆ ಬಿಚ್ಚಿಟ್ಟಳಂತೆ.

ನಾನಾದರೂ ಮಾರನೆ ದಿನ ಹೋಗಬಹುದಿತ್ತು. ಹೋಗಲಿಲ್ಲ. ತಪ್ಪು ಮಾಡಿದವನಿಗೆ ಬರುವಂಥ ಸಿಟ್ಟು ಬಂತು. "ಅಷ್ಟೊಂದಾ ಇವ್ಳಿಗೆ?" ಅಂದೆ. ಗೌರಿ ಹಬ್ಬ ಬಂತು, ಹೋಯಿತು. ಬಾಗಿನ ಕೊಡಲಿಲ್ಲ. ಮುಂದಿನ ವರ್ಷವೂ ಹಾಗೇ. ಹೀಗೇ ನಾಲ್ಕು ವರ್ಷ.

ಆಮೇಲೆ ಗಂಟಲು ನಿಜವಾಗಿಯೇ ಕಟ್ಟಿತು.

ಮೊದಲು ಯಾರೂ ಲೆಕ್ಕಕ್ಕೆ ಇಡಲಿಲ್ಲ. ಈರುಳ್ಳಿ ಧೂಳು, ಬೀಡಿ, ದಿನವೂ ಕೂಗಾಟ. ಮೆಣಸಿನ ಹಾಲು ಕುಡಿದೆ, ಜೇನುತುಪ್ಪ ನೆಕ್ಕಿದೆ, ಶುಂಠಿ ಅಗಿದೆ. ಯಾರ್ಡಿನಲ್ಲಿ "ಏನ್ ಗುರು, ಕಪ್ಪೆ ನುಂಗ್ದಾ?" ಅಂತ ರೇಗಿಸಿದರು. ವ್ಯಾಪಾರಿಗಳು "ಏನಂದೆ? ಇನ್ನೊಂದ್ಸಲ ಹೇಳು" ಅನ್ನತೊಡಗಿದರು. ಒಂದು ಬೆಳಿಗ್ಗೆ ಮೂರನೇ ಸಲ ಕೂಗಲು ಹೋದಾಗ ಗಾಳಿ ಬಂತು, ದನಿ ಬರಲಿಲ್ಲ. ಇಬ್ಬರು ವ್ಯಾಪಾರಿಗಳು ಮಾಲು ನಂದು ನಂದು ಅಂತ ಜಗಳಕ್ಕೆ ನಿಂತರು. ಸಾಹುಕಾರರು ನನ್ನನ್ನು ಮೂಟೆಯಿಂದ ಕೈಹಿಡಿದು ಇಳಿಸಿ, "ನಂಜಣ್ಣ, ಮೊದ್ಲು ಡಾಕ್ಟರ್‌ಗೆ ತೋರ್ಸು" ಅಂದರು.

ಆಸ್ಪತ್ರೆಯ ಬೆಂಚುಗಳ ಬಗ್ಗೆ ಹೇಳಬೇಕು. ಅಲ್ಲಿ ಕೂತವರು ಯಾರೂ ಕಾಯಿಲೆಯ ಹೆಸರು ಹೇಳುವುದಿಲ್ಲ. "ನಿಮಗೂ ಅದೇನಾ?" ಅಂತ ಕೇಳುತ್ತಾರೆ. "ನಮ್ಮ ಯಜಮಾನ್ರಿಗೆ ಗಂಟ್ಲಲ್ಲಿ ಗಡ್ಡೆ" ಅನ್ನುತ್ತಾರೆ. ನಮ್ಮ ಮನೆಯಲ್ಲೂ ಹಾಗೇ. ರಿಪೋರ್ಟು ಬಂದ ಮೇಲೂ ಸರೋಜ "ಆ ಕಾಯಿಲೆ" ಅಂತಲೇ ಅನ್ನುತ್ತಿದ್ದಳು. ಭವ್ಯ ಕಾಲೇಜಿಗೆ ಹೋಗುವ ಹುಡುಗಿ, ಅವಳೂ ಬಾಯಿ ಬಿಡಲಿಲ್ಲ. ಹೆಸರು ಹೇಳಿದರೆ ಎದ್ದು ಬಂದು ಪಕ್ಕದಲ್ಲಿ ಕೂರುತ್ತದೇನೋ ಅನ್ನುವ ಹಾಗೆ. ಹೇಳದೆ ಇದ್ದರೂ ಅದು ಅಲ್ಲೇ ಕೂತಿತ್ತು.

ಸಿಂಗಾಪುರದಲ್ಲಿ ಬೇರೊಂದು ಮಾತು ಓಡಾಡುತ್ತಿತ್ತು. ಅಂಗಡಿ ಮುಂದೆ ಒಬ್ಬಳು ಅನ್ನುವುದು ನನ್ನ ಕಿವಿಗೇ ಬಿತ್ತು. "ಮನೆಮಗಳ ಬಾಯಿಗೆ ಬಿದ್ದವ್ನೆ. ಅದ್ಕೇ ಗಂಟ್ಲಿಗೇ ಬಂದೈತೆ." ನಾನು ಅದನ್ನು ನಂಬಿದೆ. ಹೆದರಿ ಡಾಕ್ಟರ ಹತ್ತಿರ, "ಸಾರ್, ಯಾರಾದ್ರೂ ಶಾಪ ಹಾಕಿದ್ರೆ ಇಂಗಾಯ್ತದಾ?" ಅಂತ ಕೇಳಿಯೂ ಬಿಟ್ಟೆ. ಅವರು ನಗಲಿಲ್ಲ. "ಬೀಡಿ ಎಷ್ಟು ವರ್ಷದಿಂದ ಸೇದ್ತಿದೀರ?" ಅಂದರು. ಹದಿನಾರನೇ ವಯಸ್ಸಿನಿಂದ ಅಂದೆ. "ಹಾಗಾದ್ರೆ ಶಾಪ ಹಾಕಿಕೊಂಡವರು ನೀವೇ" ಅಂದರು. ಧ್ವನಿಪೆಟ್ಟಿಗೆ ಪೂರ್ತಿ ತೆಗೆಯಬೇಕು, ಉಸಿರಾಡಲು ಕತ್ತಿನಲ್ಲಿ ತೂತು ಇರುತ್ತದೆ, ಜೀವಕ್ಕೆ ಮೋಸವಿಲ್ಲ ಅಂದರು. ಸರೋಜ "ಜೀವ ಉಳುದ್ರೆ ಸಾಕು ಸಾರ್" ಅಂದಳು.

ಆ ಕೊನೆಯ ಮಧ್ಯಾಹ್ನ ಭವ್ಯ ಮೊಬೈಲ್ ಹಿಡಿದು ಬಂದಳು. "ಅಪ್ಪ, ಏನಾದ್ರೂ ಮಾತಾಡು, ರೆಕಾರ್ಡ್ ಮಾಡ್ಕೋತೀನಿ." ಏನು ಮಾತಾಡುವುದು? ಜೀವಮಾನವೆಲ್ಲ ಮಾತಾಡಿದವನಿಗೆ ಒಂದು ಮಾತೂ ತೋಚಲಿಲ್ಲ. ಕೊನೆಗೆ ಹರಾಜು ಕೂಗಿದೆ. ಮಂಚದ ಮೇಲೆ ಕೂತು, ಒಡಕು ದನಿಯಲ್ಲಿ, "ಚಿತ್ರದುರ್ಗದ ಮಾಲು, ದಪ್ಪ ಗಡ್ಡೆ, ನೋಡ್ರಪ್ಪಾ" ಅಂತ ಶುರುಮಾಡಿದೆ. ಪಕ್ಕದ ಮಂಚದವನು, ಅವನ ಕತ್ತಿಗೆ ಆಗಲೇ ಬ್ಯಾಂಡೇಜು, ಬೆರಳು ಎತ್ತಿದ. ಎದುರಿನ ಮಂಚದ ಮುದುಕರು ಗದ್ದ ಎತ್ತಿ ರೇಟು ಏರಿಸಿದರು. ನರ್ಸು ಓಡಿ ಬಂದಳು. ಎಲ್ಲರೂ ನಕ್ಕೆವು. ಆ ವಾರ್ಡಿನಲ್ಲಿ ನಗುವಿನಲ್ಲೂ ಸದ್ದು ಇರಲಿಲ್ಲ, ಭುಜಗಳು ಮಾತ್ರ ಕುಣಿಯುತ್ತಿದ್ದವು.

ಭವ್ಯ ಟೀ ತರಲು ಹೋದಾಗ ಅಕ್ಕನಿಗೆ ಫೋನ್ ಮಾಡಿದೆ. ಆಮೇಲಿನದನ್ನು ಆಗಲೇ ಹೇಳಿದ್ದೇನೆ. ಯಾಕೆ ಮಾತಾಡಲಿಲ್ಲ ಅಂದರೆ, ಅವಳ "ಅಲೋ" ಕೇಳಿದ ಕೂಡಲೇ ನನ್ನ ದನಿ ನನಗೇ ನಾಚಿಕೆಯಾಯಿತು. ಗಟ್ಟಿ ದನಿ ಇದ್ದಾಗ ಕೊಡದವನು ಮುರುಕು ದನಿಯನ್ನು ತಂದು ಅವಳ ಮುಂದೆ ಇಡುವುದು ಹೇಗೆ ಅನ್ನಿಸಿತು. ಇದೂ ಜಂಬವೇ, ಬೇರೆ ವೇಷದ್ದು ಅಷ್ಟೆ.

ಆಪರೇಷನ್ ಆಗಿ ಎಚ್ಚರ ಬಂದಾಗ ಮೂಗಿನಲ್ಲಿ ಕೊಳವೆ, ಕತ್ತಿನಲ್ಲಿ ಕೊಳವೆ. ಅಮ್ಮಾ ಅಂತ ನರಳಲು ಹೋದೆ. ಬಾಯಿ ತೆರೆಯಿತು, ಏನೂ ಬರಲಿಲ್ಲ. ನೋವಿಗಿಂತ ಅದೇ ಹೆದರಿಕೆ. ನರಳಿಕೆಯೂ ಇಲ್ಲದ ನೋವು ನನ್ನದೋ ಬೇರೆಯವರದೋ ಅಂತ ಗೊತ್ತಾಗುವುದಿಲ್ಲ. ಆಗ ತಲೆಯ ಹತ್ತಿರ ಯಾರೋ ಜೋರಾಗಿ ಮಾತಾಡುವುದು ಕೇಳಿಸಿತು.

"ಕ್ಯಾನ್ಸರಂತೆ. ಆದ್ರೇನು? ನಮ್ ಮಾಕಳೀಲಿ ಮೂರು ಜನಕ್ಕೆ ಬಂದಿತ್ತು. ಒಬ್ಳು ಮೊನ್ನೆ ಎಮ್ಮೆ ಒಡ್ಕೊಂಡ್ ಓಗ್ತಿದ್ಲು."

ಗಂಗಕ್ಕ. ನಮ್ಮಲ್ಲಿ ಯಾರೂ ಆಡದ ಹೆಸರನ್ನು ಅವಳು ಇಡೀ ವಾರ್ಡಿಗೆ ಕೇಳುವ ಹಾಗೆ ಆಡಿಬಿಟ್ಟಿದ್ದಳು. ಸರೋಜ ಗಾಬರಿಯಿಂದ ಸುತ್ತ ನೋಡಿದಳು. ಆದರೆ ಅಲ್ಲಿಂದ ಮುಂದೆ ಅವಳೂ ಆ ಹೆಸರು ಹೇಳತೊಡಗಿದಳು. ಮನೆಯೊಳಗೆ ಕೂತಿದ್ದ ಅದು ಬರೀ ಒಂದು ಕಾಯಿಲೆ ಆಯಿತು.

ಹಿಂದಿನ ದಿನ ನಾನು ಕಟ್ ಮಾಡಿದ ಮೇಲೆ ಅಕ್ಕ ತಿರುಗಿ ಫೋನ್ ಮಾಡಿದ್ದಳಂತೆ. ನನ್ನನ್ನು ಆಗ ಪರೀಕ್ಷೆಗೆ ಕರೆದುಕೊಂಡು ಹೋಗಿದ್ದರು. ಸರೋಜ ಎತ್ತಿ ಎಲ್ಲ ಹೇಳಿದ್ದಳು. ಅಕ್ಕ ನನ್ನ ಮುಖದ ಹತ್ತಿರ ಬಗ್ಗಿ ಅಂದಳು, "ನಂಬರ್ ನೋಡಕ್ಕೆ ನಂಗ್ ಬರಕಿಲ್ಲ. ಉಸಿರು ಕೇಳುಸ್ತು. ಚಿಕ್ಕೋನಿದ್ದಾಗ ತಪ್ ಮಾಡ್ಬುಟ್ಟು ಬಾಗ್ಲು ಇಂದೆ ನಿಂತ್ಕಂಡು ಇಂಗೇ ಉಸ್ರು ಬಿಡ್ತಿದ್ದೆ ಕಣೋ."

ನನ್ನ ಹೊದಿಕೆ ಸರಿಮಾಡುತ್ತಾ ಇನ್ನೊಂದು ಮಾತು ಹೇಳಿದಳು. "ನಾನು ಶಾಪ ಆಕಿವ್ನಿ ಅಂತ ಜನ ಅಂತವ್ರಂತೆ. ನಾನ್ ಅತ್ತಿವ್ನಿ, ಬಾಯ್ಬಿಟ್ಟು ಒಂದ್ ಮಾತೂ ಅಂದಿಲ್ಲ. ತಿಳ್ಕ."

ನಾನು ಮಾತಾಡಲಿ ಅಂತ ಒಂದು ಸ್ಲೇಟು ಕೊಟ್ಟಿದ್ದರು. ಮಾರನೆ ದಿನ ಅಕ್ಕ ಒಬ್ಬಳೇ ಇದ್ದಾಗ ಅದರ ಮೇಲೆ ಬರೆದೆ. 'ಅಕ್ಕ ತಪ್ಪಾಯಿತು.' ಬರೆದು ಅವಳ ಕಡೆ ತಿರುಗಿಸಿದೆ. ಅವಳು ಸ್ಲೇಟನ್ನು ದೂರ ಹಿಡಿದಳು, ಹತ್ತಿರ ಹಿಡಿದಳು. "ನೀರಾ?" ಅಂದಳು. ಅಲ್ಲ ಅಂತ ತಲೆ ಆಡಿಸಿದೆ. "ನೋವಾ? ಮಗ್ಲು ತಿರುಗ್ಬೇಕಾ?" ನನ್ನನ್ನು ಹೊತ್ತುಕೊಂಡು ತಿರುಗಿದ್ದಕ್ಕೇ ಓದು ಕಳೆದುಕೊಂಡವಳಿಗೆ ಅಕ್ಷರದಲ್ಲಿ ತಪ್ಪೊಪ್ಪಿಕೊಳ್ಳಲು ಹೊರಟಿದ್ದೆ! ಅವಳು ಸ್ಲೇಟು ಹಿಡಿದು ನರ್ಸಿನ ಹತ್ತಿರ ಹೋದಳು. ಆ ಹುಡುಗಿ ಕೇರಳದವಳು. "ಅಮ್ಮಾ, ಮಾತಾಡಕ್ಕೆ ಬರತ್ತೆ, ಓದಕ್ಕೆ ಬರಲ್ಲ" ಅಂದಳು. "ನಂದೂ ಅದೇ ಕಣವ್ವ" ಅಂತ ಅಕ್ಕ ನಗುತ್ತಾ ವಾಪಸು ಬಂದಳು. "ಸರೋಜ ಬರ್ಲಿ, ಓದುಸ್ತೀನಿ."

ಸರೋಜ ಬರುವ ಮುಂಚೆ ನಾನೇ ಅಂಗೈಯಿಂದ ಒರೆಸಿಬಿಟ್ಟೆ. ಹೇಡಿತನ ಅಂತ ಅನ್ನಬಹುದು. ಆದರೆ ಈ ಸಲ ಅಷ್ಟೇ ಅಲ್ಲ. ಕರೆಯುವ ಮಾತನ್ನು ಟೆಂಪೋದವನ ಕೈಯಲ್ಲಿ ಕಳಿಸಿದ್ದೆ. ಈ ಮಾತನ್ನೂ ಇನ್ನೊಬ್ಬರ ಬಾಯಲ್ಲಿ ಕಳಿಸಿದರೆ ನಾನು ಏನೂ ಕಲಿತ ಹಾಗಾಗಲಿಲ್ಲ.

ಮನೆಗೆ ಕಳಿಸಿದ ದಿನ ಅಕ್ಕ ನಮ್ಮ ಜೊತೆ ಆಟೋದಲ್ಲಿ ಸಿಂಗಾಪುರದವರೆಗೆ ಬಂದಳು. ಚೀಲಗಳನ್ನು ಗೇಟಿನ ಒಳಗೆ ಇಟ್ಟು, ಹೊಸ ಮನೆಯನ್ನು ಕೆಳಗಿನಿಂದ ಮೇಲಿನವರೆಗೆ ಒಂದು ಸಲ ನೋಡಿದಳು. ಮತ್ತೆ ಆಟೋ ಹತ್ತಿದಳು.

"ಅತ್ತಿಗೆ, ಒಳಗೆ ಬನ್ನಿ" ಅಂತ ಸರೋಜ ಕೈ ಹಿಡಿದಳು. "ನಾನ್ ಕರೀತಿದೀನಲ್ಲ."

"ನೀನ್ ಕರುದ್ರೆ ಆಯ್ತದಾ? ನನ್ ಬೆನ್ನಿಗೆ ಉಟ್ಟೋನು ಕರೀಬೇಕು."

"ಅವ್ರಿಗೆ ಈಗ ಮಾತೇ ಇಲ್ವಲ್ಲ ಅತ್ತಿಗೆ..."

"ಬಂದಾಗ ಕರೀಲಿ. ನಂಗೇನ್ ಅವಸರ? ಆಸ್ಪತ್ರೆ ಬೇರೆ, ಮನೆ ಬೇರೆ."

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಅದು ಇನ್ನೂ ಆಳಕ್ಕೆ ಇಳಿಯಿತು. ಕಾಯಿಲೆಗೆ ಅವಳು ಕರೆಯದೆ ಬಂದಳು, ಅದು ಅವಳ ಪಾಲಿನ ಕ್ರಮ. ನನ್ನ ಪಾಲಿನದು ಹಾಗೇ ಉಳಿದಿತ್ತು. ಮಾತೇ ಇಲ್ಲದವನಿಗೆ ಮಾತು ಬರುತ್ತದೆ ಅಂತ ನಂಬಿದವಳು ಆ ದಿನ ಅವಳೊಬ್ಬಳೇ.

ಮಾತಿಲ್ಲದ ಬದುಕು ಹೇಗೆ ಅಂತ ಹೊಸಬರಿಗೆ ಹೇಳಬೇಕು. ಯಾರನ್ನಾದರೂ ಕರೆಯಬೇಕಾದರೆ ಚಪ್ಪಾಳೆ ತಟ್ಟುತ್ತಿದ್ದೆ. "ನಾನೇನ್ ಕಾಗೇನಾ?" ಅಂತ ಸರೋಜ ಬೈದಳು. ಆಮೇಲೆ ಚಮಚದಿಂದ ಲೋಟ ಬಡಿಯುವುದು ಅಂತ ಆಯಿತು. ಬಸ್ಸಿನಲ್ಲಿ ಕಂಡಕ್ಟರಿಗೆ ಕೈಸನ್ನೆ ಮಾಡಿದರೆ ಕಿವುಡ ಅಂದುಕೊಂಡು ಕಿರುಚುತ್ತಿದ್ದ. ಯಾಕೋ ಎಲ್ಲರೂ ಮಾತಿಲ್ಲದವನಿಗೆ ಕಿವಿಯೂ ಇಲ್ಲ ಅಂದುಕೊಳ್ಳುತ್ತಾರೆ, ಕೆಲವರು ಬುದ್ಧಿಯೂ ಇಲ್ಲ ಅಂದುಕೊಳ್ಳುತ್ತಾರೆ. ನನ್ನ ಮುಂದೆಯೇ ನನ್ನ ಬಗ್ಗೆ ಮಾತಾಡುತ್ತಿದ್ದರು. ಬೀದಿ ನಾಯಿ ಒಂದಿತ್ತು, ನಾನು ಕೂಗಿದರೆ ಬಾಲ ಅಲ್ಲಾಡಿಸಿ ಬರುತ್ತಿತ್ತು. ಈಗ ನನ್ನನ್ನು ಕಂಡರೂ ಇನ್ನೂ ಯಾವುದನ್ನೋ ಕಾಯುವ ಹಾಗೆ ನಿಲ್ಲುತ್ತಿತ್ತು.

ಮಾತು ಕಲಿಸುವ ಕ್ಲಾಸಿನಲ್ಲಿ ಕತ್ತಿಗೆ ಒತ್ತಿಕೊಂಡು ಮಾತಾಡುವ ಬ್ಯಾಟರಿ ಯಂತ್ರ ತೋರಿಸಿದರು. ಅದರಲ್ಲಿ ಯಾರು ಮಾತಾಡಿದರೂ ಒಂದೇ ದನಿ. ಬೇಡ ಅಂದೆ. ಹಾಗಾದರೆ ಗಾಳಿ ನುಂಗಿ, ತೇಗಿನಲ್ಲಿ ಮಾತಾಡುವುದು ಕಲಿಯಿರಿ ಅಂದರು ಮೇಡಂ. ಮೊದಲು ನಗು ಬಂತು. ಯಾರ್ಡಿನ ಆ ತುದಿಗೆ ಕೇಳುವಂತೆ ಕೂಗುತ್ತಿದ್ದವನು ಈಗ ತೇಗು ಕಲಿಯಬೇಕು!

ಅಲ್ಲಿ ನಮಗೆಲ್ಲ ಹಿರಿಯ ಅಂದರೆ ಆರ್.ಟಿ. ನಗರದ ಖಾದರ್ ಭಾಯ್, ಆಟೋ ಓಡಿಸುವವರು. ಅವರು ವರ್ಷಾನುಗಟ್ಟಲೆಯಿಂದ ಹೀಗೆಯೇ ಮಾತಾಡುತ್ತಾರೆ. ತಗ್ಗಿದ ದಪ್ಪ ದನಿ, ಎರಡು ಮಾತಿಗೊಮ್ಮೆ ನಿಂತು ಗಾಳಿ ನುಂಗುತ್ತಾರೆ. "ಮಚ್ಚಾ, ಭುಜ ಇಳಿಬಿಟ್ಟು, ಬಿರಿಯಾನಿ ತಿಂದೋನ್ ತರ ತೇಗು. ನೀನು ಉಪವಾಸದೋನ್ ತರ ತೇಗ್ತಿದೀಯ" ಅಂದರು. "ನಮ್ದು ಗ್ಯಾಸ್ ಕಮ್ಮಿ. ಅದ್ಕೇ ಬೇಕಾದ್ ಮಾತು ಮಾತ್ರ ಆಡ್ಬೇಕು. ನಮ್ಮನೇಲಿ ಹೆಂಡ್ತಿ ಫುಲ್ ಖುಷಿ."

ಮೇಡಂ ಹೇಳಿದರು, ತುಟಿ ನಾಲಿಗೆ ಬಡಿದು ಹುಟ್ಟುವ ಮಾತು ನಮ್ಮಂಥವರಿಗೆ ಮೊದಲು ಬರುತ್ತದೆ ಅಂತ. ಅಪ್ಪ. ಅತ್ತೆ. ಅಕ್ಕ. ಮಗುವಿಗೆ ಕಲಿಸುವ ಹಾಗೆ ಇವೇ ಮೂರು ಮಾತನ್ನು ಹೇಳಿಸಿದರು. ಉಸಿರು ಬಿಡುವ ಹಕಾರ ಮಾತ್ರ ಕಷ್ಟ, ಬರದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ ಅಂದರು. ಭವ್ಯ ಪಕ್ಕದಲ್ಲಿದ್ದವಳು, "ಅದು ನಮ್ ಊರಲ್ಲಿ ಯಾರಿಗೂ ಬರಲ್ಲ ಮೇಡಂ" ಅಂದಳು.

ವಾರಗಟ್ಟಲೆ ಬರೀ ಗಾಳಿ ನುಂಗಿ ಹೊಟ್ಟೆ ಉಬ್ಬಿತು. ಒಂದು ಬೆಳಿಗ್ಗೆ ಮನೆಯ ಮೆಟ್ಟಿಲ ಮೇಲೆ ಕೂತು ತೇಗುತ್ತಿದ್ದಾಗ, ಹಳೇ ಬಾಗಿಲು ಕಿರುಗುಟ್ಟಿದ ಹಾಗೆ ಒಂದು ಸದ್ದು ಹೊರಬಿತ್ತು. "ಅಕ್ಕ." ಒಳಗಿಂದ ಸರೋಜ ಓಡಿ ಬಂದಳು. ನನ್ನನ್ನು ನೋಡಿ ಹೊಸಿಲ ಮೇಲೇ ಕೂತುಬಿಟ್ಟಳು. ತನ್ನ ಹೆಸರನ್ನು ಮೊದಲು ಹೇಳಲಿಲ್ಲ ಅಂತ ಇವತ್ತಿಗೂ ಹಂಗಿಸುತ್ತಾಳೆ.

ಆಮೇಲೆ ದಿನವೂ ಕೂತು ಎರಡು ಮಾತು ಅಭ್ಯಾಸ ಮಾಡಿದೆ. ಒಂದು, ಕರೆಯುವ ಮಾತು. ಇನ್ನೊಂದನ್ನು ಯಾರಿಗೂ ಕೇಳದ ಹಾಗೆ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಹಿಂದೆ ನಿಂತು ಹೇಳಿಕೊಳ್ಳುತ್ತಿದ್ದೆ. ದನಿ ಇದ್ದ ಕಾಲದಲ್ಲಿ ನನ್ನ ಮಾತಿಗೆ ಖರ್ಚಿರಲಿಲ್ಲ, ಬಾಯಿ ತೆರೆದರೆ ಹರಿಯುತ್ತಿತ್ತು. ಈಗ ಒಂದೊಂದು ಮಾತಿಗೂ ಗಾಳಿ ಕೂಡಿಸಬೇಕು. ಕೂಡಿಸುವಷ್ಟರಲ್ಲಿ ಅದು ಆಡಬೇಕಾದ ಮಾತೋ ಅಲ್ಲವೋ ಅಂತ ಗೊತ್ತಾಗಿಬಿಡುತ್ತದೆ.

ಗೌರಿ ಹಬ್ಬ ಹತ್ತಿರ ಬಂತು. ಭವ್ಯನ ಸ್ಕೂಟರಿನ ಹಿಂದೆ ಕೂತು ಮಾಕಳಿಗೆ ಹೊರಟೆ. ಕತ್ತಿಗೆ ಬಿಳಿ ಬಟ್ಟೆ ಸುತ್ತಿಕೊಂಡಿದ್ದೆ. ಮಡಿಲಲ್ಲಿ ಬಾಗಿನದ ಮೊರ, ಸೀರೆ, ಬಳೆ, ಕುಂಕುಮದ ಬಟ್ಟಲು. ತುಮಕೂರು ರಸ್ತೆಯ ಲಾರಿಗಳ ಸದ್ದಿನಲ್ಲಿ ದಾರಿಯುದ್ದಕ್ಕೂ ಹೇಳಿಕೊಂಡೆ. ಬೆನ್ನ ಹಿಂದೆ ನಾನು ತೇಗುವುದು ಕೇಳಿ ಭವ್ಯ "ಅಪ್ಪ, ಎಲ್ಲಾ ಇಲ್ಲೇ ಖರ್ಚು ಮಾಡ್ಬೇಡ" ಅಂದಳು.

ಅಕ್ಕನ ಮನೆಯ ಜಗಲಿಯಲ್ಲಿ ಬಾವ ಕೂತಿದ್ದರು, ಅವರ ತಮ್ಮ, ಆ ಓರಗಿತ್ತಿ, ಎಲ್ಲರೂ ಇದ್ದರು. ಅದೇ ಬೇಕಾಗಿತ್ತು. ಅಕ್ಕ ಒಳಗಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲಿ ನಿಂತಳು. "ಬಾ" ಅನ್ನಲಿಲ್ಲ. ಕಾದಳು.

ಬಾಯಿ ತೆರೆದೆ. ಗಾಳಿ ನಿಲ್ಲಲಿಲ್ಲ. ಬರೀ ಬುಸ್ ಅಂತ ಕತ್ತಿನ ಬಟ್ಟೆ ಅಲ್ಲಾಡಿತು. ಓರಗಿತ್ತಿ ಮುಖ ತಿರುಗಿಸಿದಳು, ಪಾಪ ಅನ್ನಿಸಿತೋ ಅಸಹ್ಯವಾಯಿತೋ. ಬಾವ, "ಇರ್ಲಿ ಬಿಡಪ್ಪ, ಅರ್ಥ ಆಯ್ತು, ಕೂತ್ಕೋ" ಅಂದರು.

"ಸುಮ್ಕಿರಿ ನೀವು" ಅಂದಳು ಅಕ್ಕ. "ಅವ್ನು ಏಳ್ಳಿ."

ಖಾದರ್ ಭಾಯ್ ಹೇಳಿದ ಹಾಗೆ ಭುಜ ಇಳಿಬಿಟ್ಟೆ. ಗಾಳಿ ನುಂಗಿದೆ. ಕುಂಕುಮದ ಬಟ್ಟಲು ಮುಂದೆ ಹಿಡಿದೆ.

"ಅಕ್ಕ. ಅಬ್ಬಕ್ಕೆ. ಮನೀಗ್ ಬಾ."

ಅಕ್ಕನ ಗದ್ದ ಅದುರುತ್ತಿತ್ತು. ಆದರೂ ಅವಳು ಅವಳೇ.

"ನಿಮ್ ಬಾವಂಗೆ ಕಿವಿ ಮಂದ. ಇನ್ನೊಂದ್ಸಲ ಕೂಗು" ಅಂದಳು.

ಇನ್ನೊಂದು ಸಲ ಹೇಳಿದೆ. ಈ ಸಲ ಸ್ವಲ್ಪ ದೊಡ್ಡದಾಗಿ ಬಂತು. ಬಾವ ಕಣ್ಣು ಒರೆಸಿಕೊಂಡು, "ಕೇಳುಸ್ತು ಮಾರಾಯ್ತಿ, ಬೀದಿಗೆಲ್ಲಾ ಕೇಳುಸ್ತು" ಅಂದರು. ಅಕ್ಕ ಬಟ್ಟಲಿಗೆ ಬೆರಳದ್ದಿ ಕುಂಕುಮ ಇಟ್ಟುಕೊಂಡಳು. "ಇರು, ಸೀರೆ ತತ್ತೀನಿ" ಅಂತ ಒಳಗೆ ತಿರುಗಿದಳು. ಭವ್ಯನಿಗೆ, "ಅವತ್ತು ಬಿಚ್ಚಿಟ್ಟಿದ್ದು, ಮತ್ತೆ ಉಟ್ಟೇ ಇಲ್ಲ" ಅನ್ನುತ್ತಿದ್ದಳು.

ಅಲ್ಲಿಗೆ ಮುಗಿಸಬಹುದಿತ್ತು. ಕರೆದದ್ದಾಯಿತು, ಅವಳು ಒಪ್ಪಿದ್ದಾಯಿತು. ಯಾರೂ ನನ್ನಿಂದ ಇನ್ನೇನನ್ನೂ ಕೇಳುತ್ತಿರಲಿಲ್ಲ. ಆದರೆ ಇವತ್ತು ಕರೆದದ್ದು ಈ ಹಬ್ಬಕ್ಕೆ. ಅವತ್ತಿನದು ಬಾಕಿಯೇ ಇತ್ತು. ಚಪ್ಪಾಳೆ ತಟ್ಟಿದೆ. ಅವಳು ನಿಂತು ತಿರುಗಿ ನೋಡಿದಳು. ಮೂರು ಸಲ ಗಾಳಿ ನುಂಗಿದೆ, ಮೂರು ಸಲಕ್ಕೆ ಮೂರು ಮಾತು ಬಂದವು.

"ಅಕ್ಕ, ಬಾಯಿ ಇತ್ತು. ಕರೀಲಿಲ್ಲ. ತಪ್ಪಾಯ್ತು."